ಬೆಲ್ ಒತ್ತಿದ ಮೇಲಿನ ನಾಲ್ಕು ನಿಮಿಷ

ಮನೆಯಿಂದ,
ಮಾರ್ಚ್ ೯, ಸೋಮವಾರ

ಮಗಳೇ,

ಆಶೀರ್ವಾದವನ್ನು ಮೊದಲೇ ಬರೆದುಬಿಡುತ್ತೇನೆ. ಅರ್ಧ ಓದಿ ನೀನು ಹರಿದು ಹಾಕಿದರೂ ಅದಷ್ಟು ನಿನಗೆ ತಲುಪಿರಲಿ. ಚೆನ್ನಾಗಿರು. ಕಣ್ಣು ಚೆನ್ನಾಗಿರಲಿ, ಬೆರಳು ಚೆನ್ನಾಗಿರಲಿ. ದಿನವಿಡೀ ಬೇರೆಯವರ ಮದುವೆಯ ವೀಡಿಯೊಗಳನ್ನು ಕತ್ತರಿಸಿ ಜೋಡಿಸುವವಳಿಗೆ ಅವೆರಡೂ ಬೇಕು.

ನಿನ್ನ ಕಾಗದ ಬಂದು ನಾಲ್ಕು ವರ್ಷವಾಯಿತು. ಅದರಲ್ಲಿ ಎರಡೇ ಸಾಲಿದ್ದವು. ಎರಡು ಸಾಲನ್ನು ಕಾಗದವೆಂದು ನಾನು ಒಪ್ಪಲಿಲ್ಲ, ಅದಕ್ಕೇ ಉತ್ತರ ಬರೆಯಲಿಲ್ಲ. ಕೈನೋವು ಇತ್ತು ಎಂದು ಬರೆಯೋಣವೆಂದುಕೊಂಡೆ. ಕೈಗೆ ಏನೂ ಆಗಿಲ್ಲ. ನಿನ್ನ ಅಣ್ಣನಿಂದ ಬರೆಸಬಹುದಿತ್ತು. ಆದರೆ ನಾನು ಒಂದು ಹೇಳಿದರೆ ಅವನು ಅದಕ್ಕೆ ಸಕ್ಕರೆ ಬೆರೆಸಿ ಇನ್ನೊಂದು ಬರೆಯುತ್ತಾನೆ. ಈ ಕಾಗದಕ್ಕೆ ಸಕ್ಕರೆ ಬೇಡ. ತಡವಾದದ್ದಕ್ಕೆ ಕ್ಷಮಿಸು ಎಂದು ಬರೆದಿದ್ದೇನೆ, ಓದಿಕೋ. ಇದಕ್ಕಿಂತ ದೊಡ್ಡದಕ್ಕೆ ಮುಂದೆ ಕೇಳುವುದಿದೆ.

ಮನೆಯ ಸುದ್ದಿ ಹೇಳುತ್ತೇನೆ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿನ್ನ ಅತ್ತಿಗೆ ಕಾರು ಓಡಿಸಲು ಕಲಿತಿದ್ದಾಳೆ. ಅವಳ ಪಕ್ಕ ಕೂತು ಬರುವ ನಿನ್ನ ಅಣ್ಣ ಮನೆ ತಲುಪುವ ಹೊತ್ತಿಗೆ ಬೆವರಿ ತೊಪ್ಪೆಯಾಗಿರುತ್ತಾನೆ. ಟಾಕೀಸು ಮುಚ್ಚಿ ಮೂರು ವರ್ಷವಾಯಿತಲ್ಲ, ಈ ತಿಂಗಳ ಕೊನೆಗೆ ಅದನ್ನು ಟೈರು ವ್ಯಾಪಾರಿಗೆ ಕೊಡುತ್ತಿದ್ದೇವೆ. ಪರದೆ ಇರುವ ಗೋಡೆಗೆ ಒರಗಿಸಿ ಲಾರಿ ಟೈರುಗಳನ್ನು ಜೋಡಿಸುತ್ತಾನಂತೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಒಳ್ಳೆಯ ಮನುಷ್ಯ. ನಿಮ್ಮ ಅಪ್ಪ ಹೋದ ಮೇಲೆ ಮೂವತ್ತೊಂದು ವರ್ಷ ನಡೆಸಿದ ಜಾಗ. ಟಿಕೆಟ್ ಕಿಟಕಿಯ ಹಿಂದೆ ಕೂತು, ಕೈ ನೋಡಿಯೇ ಯಾವನು ಎರಡನೇ ಸಲ ಬಂದಿದ್ದಾನೆ ಎಂದು ಹೇಳುತ್ತಿದ್ದೆ. ಇರಲಿ. ಅಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ.

ಹದಿನೈದು ದಿನದ ಹಿಂದೆ ಒಬ್ಬ ಹೆಂಗಸು ಮನೆಗೆ ಬಂದಳು. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ಮಾತಿಗೊಮ್ಮೆ ಕೆಮ್ಮು. ಹಳೆಯ ಸಿನಿಮಾಗಳನ್ನು ಹುಡುಕಿ ಕಾಪಾಡುವ ಸಂಗ್ರಹಾಲಯದಲ್ಲಿ ಕೆಲಸವಂತೆ. ಡಬ್ಬಗಳಲ್ಲಿ ಕೊಳೆಯುವ ಫಿಲ್ಮುಗಳ ವಾಸನೆ ಕುಡಿದು ಕುಡಿದು ಆ ಕೆಮ್ಮು ಬಂದದ್ದು ಎಂದಳು. ನಮ್ಮ ಟಾಕೀಸಿನ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಏನಾದರೂ ಉಳಿದಿದೆಯೇ ನೋಡಲು ಬಂದಿದ್ದಳು. ದೊಡ್ಡ ದೊಡ್ಡ ನಟರ ಚಿತ್ರ ಕೇಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ನಿನ್ನದನ್ನು.

"ನಿಮ್ಮ ಮಗಳು ಮಾಡಿದ್ರಲ್ಲ ಅಮ್ಮಾ, ಹಾಸ್ಟೆಲ್ಲು, ಬಿಳೀ ಮುಖವಾಡ, ಒಬ್ಬೊಬ್ರೇ ಹುಡುಗೀರು ಸಾಯ್ತಾರಲ್ಲ, ಅದು."

ನಾನು ನಕ್ಕುಬಿಟ್ಟೆ. "ಅದಾ? ಅದು ಕದ್ದ ಮಾಲು ಕಣಮ್ಮ. ಒಂಬತ್ತು ಸಿನಿಮಾದಿಂದ ಕದ್ದಿದ್ದು. ಬೇಕಾದ್ರೆ ಎಣಿಸಿ ಹೇಳ್ತೀನಿ."

"ಹೌದು, ಕದ್ದಿದ್ದೇ. ನಾನು ಎಣಿಸಿದ್ರೆ ಹನ್ನೊಂದು ಬರುತ್ತೆ," ಎಂದಳು ಮಹಾತಾಯಿ. "ಆದ್ರೂ ಮೊದಲ್ನೇ ದಿನ ಮೊದಲ್ನೇ ಆಟಕ್ಕೆ ನಾನು ಇಲ್ಲೇ ಇದ್ದೆ, ಕಾಲೇಜಿಗೆ ಚಕ್ಕರ್ ಹಾಕಿ. ಎರಡು ಗಂಟೆ ಎಷ್ಟು ಕಿರುಚಿದೀನೋ ಅಷ್ಟೇ ನಕ್ಕಿದೀನಿ. ಕೊನೇಲಿ ಮುಖವಾಡಕ್ಕೆ ಕೈ ಹಾಕ್ತಾಳೆ, ಅಷ್ಟರಲ್ಲಿ ಲೈಟ್ ಹಾಕ್ಬಿಟ್ರಿ. ಇಪ್ಪತ್ತೆರಡು ವರ್ಷ ಆಯ್ತು ಅಮ್ಮಾ, ಕೊಲೆಗಾರ ಯಾರು ಅಂತ ತಲೆ ಕೆಡಿಸ್ಕೊಂಡಿದೀನಿ. ಆ ಸಿನಿಮಾಗೆ ಇನ್ನೊಂದು ಅವಕಾಶ ಸಿಗ್ಬೇಕು."

ಆಮೇಲೆ ಚೀಲದಿಂದ ನಿನ್ನ ಕಾಗದ ತೆಗೆದಳು. ಸಿನಿಮಾವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ನಿನ್ನ ಸಹಿ ಬೇಕಲ್ಲ, ಹಕ್ಕು ನಿನ್ನ ಹೆಸರಿನಲ್ಲಿದೆ, ಅದಕ್ಕೆ ನಿನಗೆ ಬರೆದಿದ್ದಳಂತೆ. ನೀನು ಅವಳಿಗೂ ಎರಡೇ ಸಾಲು ಬರೆದಿದ್ದೀಯ. 'ದಯವಿಟ್ಟು ಅದನ್ನು ಮರೆತುಬಿಡಿ. ಅದು ಕದ್ದ ಮಾಲು ಎಂದು ನನ್ನ ಅಮ್ಮ ಆಗಲೇ ಹೇಳಿದ್ದರು, ಅವರು ಹೇಳಿದ್ದು ಸರಿ.'

ನನ್ನ ಮಾತು ನಿನ್ನ ಅಕ್ಷರದಲ್ಲಿ. ಅವಳು ಹೋದ ಮೇಲೂ ನಾನು ಆ ಕುರ್ಚಿಯಿಂದ ಎದ್ದಿರಲಿಲ್ಲ. ಜೀವನದಲ್ಲಿ ಎಷ್ಟೋ ಜನ ನನ್ನ ಮಾತು ಸರಿ ಎಂದಿದ್ದಾರೆ. ಹಾಗೆ ಅನ್ನಿಸಿಕೊಳ್ಳಲು ನನಗೆ ಇಷ್ಟ, ನಿನಗೆ ಗೊತ್ತು. ಅವತ್ತು ಮಾತ್ರ ಆ 'ಸರಿ' ನನಗೆ ಬೇಡವಾಗಿತ್ತು.

ಮರುದಿನ ಬೀಗದ ಕೈ ಹಿಡಿದು ಕ್ಯಾಬಿನ್ ಹತ್ತಿದೆ. ಇಪ್ಪತ್ಮೂರು ಮೆಟ್ಟಿಲು, ನಾಲ್ಕು ಸಲ ಕೂತೆ. ಹದಿಮೂರು ಡಬ್ಬಗಳೂ ಮೂಲೆಯಲ್ಲೇ ಇದ್ದವು, ನಿನ್ನ ಕೈಬರಹದ ಚೀಟಿಗಳೊಂದಿಗೆ. ಮುಚ್ಚಳ ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಸಂಗ್ರಹಾಲಯದವಳು ಬಂದು ಮೂಸಿ, "ಕೊಳೀತಾ ಇದೆ ಅಮ್ಮಾ. ಇನ್ನೊಂದು ಮಳೆಗಾಲ ತಡೆಯಲ್ಲ. ಒಂದು ಸಲ ಓಡಿಸ್ಬಹುದು, ಅದೇ ಕೊನೆ. ಆಮೇಲೆ ಇಳಿಸ್ಕೊಳ್ಳದಿದ್ರೆ ಅಂಟಂಟಾಗಿ ಮುದ್ದೆ ಆಗುತ್ತೆ," ಎಂದಳು. ತೆಗೆಸಿದ್ದೇ ಒಂದು ಪ್ರಿಂಟು; ನೆಗೆಟಿವ್ ಇಟ್ಟಿದ್ದ ಗೋದಾಮೂ ಸುಟ್ಟುಹೋದ ಮೇಲೆ ಲೋಕದಲ್ಲಿ ಉಳಿದಿರುವುದು ಇದಷ್ಟೇ.

"ಸರಿ, ಓಡಿಸಿ. ನಾನೂ ಇನ್ನೊಂದ್ಸಲ ನೋಡ್ಬೇಕು," ಎಂದೆ.

"ಯಾರು ಓಡಿಸ್ತಾರೆ? ಆ ಮಷೀನು ನನಗೆ ಗೊತ್ತಿಲ್ಲ."

ಗೊತ್ತಿರುವವನು ಒಬ್ಬನೇ. ನಿನ್ನ ಆಪರೇಟರ್ ಮಾಮ.

ಮಾರ್ಚ್ ೧೧, ಬುಧವಾರ

ಅಲ್ಲಿಗೆ ನಿಲ್ಲಿಸಿದ್ದೆ. ನಿನ್ನೆಯಿಡೀ ಪೆನ್ನು ಮುಟ್ಟಲಿಲ್ಲ. ಈಗ ಬರೆಯದಿದ್ದರೆ ಬರೆಯುವುದೇ ಇಲ್ಲ.

ಅವನು ಬಸ್ ಡಿಪೋ ಹಿಂದೆ ಮಗಳ ಮನೆಯಲ್ಲಿದ್ದಾನೆ. ನಾನೇ ಹೋಗಿದ್ದೆ, ನಿನ್ನ ಅತ್ತಿಗೆಯ ಕಾರಿನಲ್ಲಿ, ಪ್ರಾಣ ಅಂಗೈಯಲ್ಲಿ ಹಿಡಿದು. ಒಂದು ಕಣ್ಣಿಗೆ ಪೊರೆ ಬಂದು ಪೂರ್ತಿ ಬೆಳ್ಳಗಾಗಿದೆ. ನನ್ನ ಚಪ್ಪಲಿ ಶಬ್ದಕ್ಕೇ ಎದ್ದು ನಿಂತ. "ಅಮ್ಮಾವ್ರೇ," ಎಂದ, ಅಷ್ಟೇ. ವಿಷಯ ಹೇಳಿದೆ. "ಅವಳು ಬರ್ತಾಳಾ?" ಎಂದು ಕೇಳಿದ. ಇಲ್ಲವೆಂದೆ. "ಹಾಗಾದ್ರೆ ಬರ್ತೀನಿ," ಎಂದ. ನೀನು ಇರುವುದಿಲ್ಲ ಎಂದರೆ ಮಾತ್ರ ಅವನು ಟಾಕೀಸಿನ ಮೆಟ್ಟಿಲು ಹತ್ತುತ್ತಾನೆ. ಅದನ್ನು ಕೇಳಿಸಿಕೊಂಡು ನಾನು ಕಾರಿಗೆ ಬಂದು ಕೂತೆ. ನಿನ್ನ ಅತ್ತಿಗೆ, "ಅತ್ತೆ, ಬೆಲ್ಟ್ ಹಾಕ್ಕೊಳ್ಳಿ," ಎಂದು ಮೂರು ಸಲ ಹೇಳಿದಳಂತೆ. ನನಗೆ ಒಂದೂ ಕೇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಷೋ. ಆರುನೂರು ಸೀಟಿನ ಹಾಲಿನಲ್ಲಿ ನಾವು ನಾಲ್ಕು ಜನ: ನಾನು, ನಿನ್ನ ಅಣ್ಣ, ಅತ್ತಿಗೆ, ಸಂಗ್ರಹಾಲಯದವಳು. ಐದನೆಯವನು ಟೈರು ವ್ಯಾಪಾರಿ. ನೆಲ ಅಳೆಯಲು ಟೇಪು ಹಿಡಿದು ಬಂದಿದ್ದ. "ಐದು ನಿಮಿಷ ನೋಡಿ ಹೋಗ್ತೀನಿ," ಎಂದು ಸೀಟಿನ ತೋಳಿನ ಮೇಲೆ ಕೂತವನು ಕೊನೆಯವರೆಗೂ ಅಲ್ಲಾಡಲಿಲ್ಲ.

ಈಗ ನಿನ್ನ ಸಿನಿಮಾದ ಬಗ್ಗೆ ಹೇಳುತ್ತೇನೆ. ಸುಮ್ಮನೆ ಹೊಗಳುವವಳಲ್ಲ ನಾನು, ನಿನಗೆ ಗೊತ್ತು.

ಕದ್ದ ಮಾಲೇ. ಅದರಲ್ಲಿ ಎರಡು ಮಾತಿಲ್ಲ. ಒಣಹಾಕಿದ ಒದ್ದೆ ಹೊದಿಕೆಗಳ ಸಾಲಿನ ನಡುವೆ ಆ ಹುಡುಗಿ ಒಂದೊಂದನ್ನೇ ಸರಿಸುತ್ತಾ ಹೋಗುವುದು ನಮ್ಮ ಟಾಕೀಸಿನಲ್ಲೇ ಹನ್ನೊಂದು ದಿನ ಓಡಿದ ವಿದೇಶಿ ಚಿತ್ರದ್ದು. ಫೋನಿನಲ್ಲಿ ಬರೀ ಉಸಿರು ಕೇಳಿಸುವುದು ಇನ್ನೊಂದರದ್ದು. ಹುಡುಗಿಯರು ಬಿದ್ದಂಬೀಳ ಓಡುತ್ತಾರೆ, ಕೊಲೆಗಾರ ಸಂತೆಗೆ ಹೋಗುವವನಂತೆ ನಡೆದು ಬಂದೇ ಹಿಡಿಯುತ್ತಾನೆ. ಅದು ಎಲ್ಲಾ ಸಿನಿಮಾದ್ದೂ ಹೌದು. ಕ್ಯಾಬಿನ್ನಿನ ಕಿಂಡಿಯಲ್ಲಿ ಮೂಗು ತೂರಿಸಿ ಬೆಳೆದವಳು ನೀನು, ಇನ್ನೆಲ್ಲಿಂದ ತರುತ್ತೀಯ?

ಆದರೆ ಮಗಳೇ, ಹೊದಿಕೆಗಳ ಸಾಲಿನಲ್ಲಿ ಕೊನೆಯ ಬಿಳಿ ಬಟ್ಟೆಗೆ ಅವಳು ಕೈ ಹಾಕುತ್ತಾಳೆ, ಅದು ಬಟ್ಟೆಯಲ್ಲ, ಮುಖವಾಡ. ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಕಿರುಚಿ ನಿನ್ನ ಅತ್ತಿಗೆಯ ತೋಳು ಹಿಡಿದುಕೊಂಡೆ. ಆಮೇಲೆ ಅವಳು, "ಅತ್ತೆ, ನೀವು ಕೂಗಿದ್ದು ಟಿಕೆಟ್ ಕಿಟಕಿವರೆಗೂ ಕೇಳಿಸ್ತು," ಎಂದಳು. "ಕೂಗಿದ್ದಲ್ಲ, ಕೆಮ್ಮಿದ್ದು," ಎಂದೆ. "ನಿಮ್ಮ ಉಗುರು ನನ್ನ ಕೈ ಮೇಲೂ ಕೆಮ್ಮಿದೆ ನೋಡಿ," ಎಂದು ತೋರಿಸಿದಳು. ನಿಜ, ನಾಲ್ಕು ಗುರುತು.

ಆ ಹಾಸ್ಟೆಲಿನ ವಾರ್ಡನ್ ಊಟದ ಹೊತ್ತಿಗೆ ಹುಡುಗಿಯರನ್ನು ಎಣಿಸುತ್ತಾಳಲ್ಲ, ಪ್ರತಿ ಸಲವೂ ಒಬ್ಬಳು ಕಮ್ಮಿ, ಅವಳು ಅದೇ ಬಿಗುವಿನಲ್ಲಿ, "ಊಟಕ್ಕೆ ತಡ ಮಾಡಿದೋರಿಗೆ ನಾಳೆ ತಿಂಡಿ ಇಲ್ಲ," ಎನ್ನುತ್ತಾಳೆ. ಟೈರು ವ್ಯಾಪಾರಿ ನಕ್ಕು ನಕ್ಕು ಟೇಪು ಕೆಳಗೆ ಬೀಳಿಸಿದ. ಪುಸ್ತಕದ ಹುಳುವಾದ ಆ ದಪ್ಪ ಹುಡುಗಿ ಕೊಲೆಗಾರನ ಮೇಲೆ ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಎಸೆಯುತ್ತಾ, ಒಂದನ್ನು ಮಾತ್ರ ತಿರುಗಿಸಿ ನೋಡಿ, "ಇದು ಲೈಬ್ರರೀದು," ಎಂದು ಪಕ್ಕಕ್ಕೆ ಇಡುತ್ತಾಳಲ್ಲ, ಅದನ್ನು ಎಲ್ಲಿಂದ ಕದ್ದೆ? ಅದು ಯಾವ ಸಿನಿಮಾದಲ್ಲೂ ಇಲ್ಲ. ಅದು ನಿನ್ನದು. ಆ ಹುಡುಗಿ ಸತ್ತಾಗ ನನಗೆ ಸಂಕಟವಾಯಿತು. ಅರ್ಧಕ್ಕೆ ಟೈರು ವ್ಯಾಪಾರಿ ಎದ್ದು ನಿಂತು, "ಆ ಕಡೆ ಹೋಗ್ಬೇಡ ಕಣಮ್ಮಾ, ಅಲ್ಲೇ ಇದಾನೆ ಅವನು!" ಎಂದು ಪರದೆಗೆ ಬುದ್ಧಿ ಹೇಳುತ್ತಿದ್ದ. ಮೂವತ್ತೊಂದು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಪರದೆಗೆ ಬುದ್ಧಿ ಹೇಳುವವನು ಸಿಕ್ಕಿದರೆ ಸಿನಿಮಾ ಗೆದ್ದಂತೆ. ನಿನ್ನ ಸಿನಿಮಾ ಗೆಲ್ಲಬೇಕಿತ್ತು. ಹಳೆಯ ಬಟ್ಟೆಗಳಲ್ಲೇ ಹೊಲಿದದ್ದು, ಆದರೆ ಹೊಲಿಗೆ ಗಟ್ಟಿಯಾಗಿತ್ತು.

ಕೊನೆಗೆ ಉಳಿದ ಒಬ್ಬ ಹುಡುಗಿ ಮಹಡಿಯ ಮೇಲೆ ಕೊಲೆಗಾರನನ್ನು ಕೆಡವಿ, ಮುಖವಾಡಕ್ಕೆ ಕೈ ಹಾಕಿದಳು. ಪರದೆ ಬೆಳ್ಳಗಾಯಿತು.

ಸಂಗ್ರಹಾಲಯದವಳು ಉಸಿರು ಬಿಟ್ಟಳು. ಟೈರು ವ್ಯಾಪಾರಿ ನನ್ನ ಕಡೆ ತಿರುಗಿ, "ಯಾರು ಅಂತ ಹೇಳ್ರೀ ಅಮ್ಮಾ! ಇದೇನ್ರೀ ಅನ್ಯಾಯ!" ಎಂದ. ಅಷ್ಟರಲ್ಲಿ ಆಪರೇಟರ್ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಂದ. ಸಂಗ್ರಹಾಲಯದವಳು ಮೃದುವಾಗಿಯೇ ಕೇಳಿದಳು, "ಕೊನೇ ಭಾಗ ನಿಮ್ಮ ಕೈಲಿ ಹಾಳಾಯ್ತು ಅಂತ ಕೇಳಿದೀನಿ. ಹೌದಾ?"

ಅವನು ಬೆಳ್ಳಗಾದ ಕಣ್ಣು ಒರೆಸಿಕೊಂಡು, "ಹೌದಮ್ಮಾ. ಮಷೀನು ತಿಂದುಹಾಕ್ತು. ನನ್ನ ತಪ್ಪು," ಎಂದ.

ಇಪ್ಪತ್ತೆರಡು ವರ್ಷವಾದ ಮೇಲೆ, ಯಾರೂ ಬಲವಂತ ಮಾಡದೆ, ನನ್ನ ಎದುರಿಗೇ, ಮತ್ತೆ ಅದೇ ಮಾತು. ನನಗೆ ಕೂರಲು ಆಗಲಿಲ್ಲ. "ಸುಳ್ಳು," ಎಂದೆ. "ಮಷೀನು ತಿಂದಿಲ್ಲ. ಕತ್ತರಿಸಿದ್ದು ನಾನು."

ನಿನ್ನ ಅಣ್ಣ, "ಅಮ್ಮಾ, ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಬಾ," ಎಂದು ಕೈ ಹಿಡಿದ. ಕೊಡವಿದೆ.

ಹೌದು ಮಗಳೇ. ನಾನು.

ನಮ್ಮ ಟಾಕೀಸಿನ ಪದ್ಧತಿ ನಿನಗೆ ಹೇಳಬೇಕಿಲ್ಲ. ಹೊಸ ಚಿತ್ರ ಬಂದರೆ ಗುರುವಾರ ಬೆಳಿಗ್ಗೆ ಖಾಲಿ ಹಾಲಿನಲ್ಲಿ ನಾನೊಬ್ಬಳೇ ಕೂತು ನೋಡುವುದು, ಕೈಯಲ್ಲಿ ಬೆಲ್ಲಿನ ಗುಂಡಿ. ಸಂಸಾರಸ್ಥರು ಕೂತು ನೋಡಬಾರದ್ದು ಬಂದರೆ ಒಮ್ಮೆ ಒತ್ತುವುದು, ಮುಗಿದರೆ ಇನ್ನೊಮ್ಮೆ. ಪ್ರತಿ ಸಲವೂ ಆಪರೇಟರ್ ಓಡುತ್ತಿರುವ ರೀಲಿಗೆ ಒಂದು ಕಾಗದದ ಚೀಟಿ ಸಿಕ್ಕಿಸುತ್ತಿದ್ದ. ಆಮೇಲೆ ಎರಡು ಚೀಟಿಗಳ ನಡುವಿನದ್ದನ್ನು ನಾನೇ ಕತ್ತರಿಸಿ ಅಂಟಿಸುತ್ತಿದ್ದೆ. ಕತ್ತರಿಸಿದ ತುಂಡನ್ನು ಹೆಸರು ಬರೆದ ಡಬ್ಬದಲ್ಲಿ ಇಟ್ಟು, ಚಿತ್ರ ವಾಪಸು ಹೋಗುವ ದಿನ ಇದ್ದ ಹಾಗೇ ಮತ್ತೆ ಸೇರಿಸಿ ಕಳಿಸುವುದು. ಒಂದಡಿ ಫಿಲ್ಮನ್ನೂ ನಾನು ಯಾರಿಗೂ ಕಮ್ಮಿ ಮಾಡಿ ಕಳಿಸಿದವಳಲ್ಲ. ಆ ಹೆಮ್ಮೆ ನನಗಿತ್ತು.

ನಿನ್ನ ಚಿತ್ರಕ್ಕೂ ಆ ಗುರುವಾರ ಹಾಗೇ ಕೂತೆ. ಮೊದಲ ದೃಶ್ಯದಲ್ಲಿ ಹುಡುಗಿಯನ್ನು ಹಾಸ್ಟೆಲಿಗೆ ಬಿಡಲು ಬಂದ ತಾಯಿಯ ಮುಖ ತೋರಿಸಲಿಲ್ಲ ನೀನು, ಜಡೆ ಹೆಣೆಯುವ ಎರಡು ಕೈ ಮಾತ್ರ. ಎಷ್ಟು ಬಿಗಿಯಾಗಿ ಎಂದರೆ ಹುಡುಗಿಯ ಕಣ್ಣು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಇದು ನಾನೇ ಎಂದು ಗೊತ್ತಾಯಿತು, ಗುಟ್ಟಾಗಿ ಖುಷಿಯೂ ಆಯಿತು. ಹದಿನೇಳು ವರ್ಷದವರೆಗೆ ನಿನ್ನ ತಲೆ ಬಾಚಿದವಳು ನಾನಲ್ಲವೇ. ಕೊಲೆಗಳಿಗೆಲ್ಲ ಒಂದು ಬೆಲ್ಲೂ ಒತ್ತಲಿಲ್ಲ, ಮಗಳ ಸಿನಿಮಾ ಎಂದು. ಕೊನೆಗೆ ಮುಖವಾಡ ಕಳಚಿತು. ಒಳಗಿದ್ದದ್ದು ಆ ತಾಯಿ. ಎಲ್ಲಿಂದ ಹುಡುಕಿದ್ದೆಯೋ ಆ ನಟಿಯನ್ನು, ನನ್ನದೇ ಗದ್ದ, ನನ್ನ ಹಾಗೆಯೇ ಒಂದು ಭುಜ ಮೇಲೆ, ಸೊಂಟದಲ್ಲಿ ಬೀಗದ ಕೈಗೊಂಚಲು. ಏಳು ಹುಡುಗಿಯರ ರಕ್ತ ಕೈಯಲ್ಲಿ. ಮಗಳನ್ನು ನೋಡಿ ಅವಳು ಹೇಳಿದಳು: "ಜಡೆ ಬಿಚ್ಚಿಹೋಗಿದೆ. ಬಾ, ಕೂತ್ಕೋ."

ದಿನಾ ಬೆಳಿಗ್ಗೆ ನಾನು ಹೇಳುತ್ತಿದ್ದ ಮಾತು.

ಬೆಲ್ ಒತ್ತಿದೆ. ಊರೆಲ್ಲ ನಾಳೆ ಇದನ್ನು ನೋಡುತ್ತದೆ, ಟಿಕೆಟ್ ಕಿಟಕಿಯಲ್ಲಿ ನನ್ನ ಮುಖವನ್ನೂ ನೋಡುತ್ತದೆ ಎನ್ನುವುದೊಂದೇ ತಲೆಯಲ್ಲಿದ್ದದ್ದು. ಆಟ ಮುಗಿದ ಮೇಲೆ ಕ್ಯಾಬಿನ್ ಹತ್ತಿ, "ಮುಖವಾಡ ಕಳಚೋದ್ರಿಂದ ಕೊನೇವರೆಗೂ ತೆಗೀಬೇಕು," ಎಂದೆ. ಆಪರೇಟರ್ ಬಾಗಿಲಿಗೆ ಅಡ್ಡ ನಿಂತು ಬೇಡಿಕೊಂಡ. "ಅಮ್ಮಾವ್ರೇ, ಕೊನೆ ಇಲ್ದೆ ಸಿನಿಮಾ ನಿಲ್ಲಲ್ಲ. ಮಗು ಎರಡು ವರ್ಷ ಕಷ್ಟಪಟ್ಟಿದೆ," ಎಂದ. ನಾನು ಅವನ ಮಾತು ಕೇಳುವವಳೇ? ನಾಲ್ಕು ನಿಮಿಷದ ಆ ತುಂಡನ್ನು ಡಬ್ಬದಲ್ಲಿ ಇಡಲಿಲ್ಲ. ಅದೊಂದೇ ಸಲ ಪದ್ಧತಿ ಮುರಿದದ್ದು. ಹಿತ್ತಲಲ್ಲಿ ಹಳೆಯ ಪೋಸ್ಟರುಗಳ ಜೊತೆ ಸುಟ್ಟೆ.

ಮುಂದಿನದು ನಿನಗೆ ಗೊತ್ತು. ಜನ ಸೀಟು ಹರಿದರು. ನೀನು ಬಾಲ್ಕನಿಯಿಂದ ಕ್ಯಾಬಿನ್ನಿಗೆ ಓಡಿದೆ. ನಾನು ಬಾಗಿಲಲ್ಲೇ ತಡೆದು, ಮಷೀನು ತಿಂದುಹಾಕಿತು, ಇವನು ಸಿಗರೇಟು ಸೇದಲು ಹೋಗಿದ್ದ ಎಂದೆ. ಬಾಯಿಂದ ಅಷ್ಟು ಸಲೀಸಾಗಿ ಬಂತು. ನೀನು ಅವನಿಗೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ: "ನಿಮ್ಮ ಕೈಯಲ್ಲಿ ಬೆಳೆದವಳು ನಾನು ಮಾಮ. ಹಾಳುಮಾಡೋಕೆ ನನ್ನ ಸಿನಿಮಾನೇ ಬೇಕಿತ್ತಾ? ಇನ್ಮೇಲೆ ನನ್ನ ಕಣ್ಮುಂದೆ ಬರ್ಬೇಡಿ." ಅವನು ನನ್ನ ಕಡೆ ಒಂದು ಸಲ ನೋಡಿದ. ಅಷ್ಟೇ. ಪತ್ರಿಕೆಯವನು ಬರೆದ, ಕದ್ದದ್ದನ್ನೂ ಪೂರ್ತಿ ಕದಿಯಲು ಬಾರದ ನಿರ್ದೇಶಕಿ ಎಂದು. ಮೂರನೆಯ ದಿನ ಚಿತ್ರ ತೆಗೆದೆವು. ನೆಗೆಟಿವಿನಿಂದ ಕೊನೆಯ ರೀಲನ್ನು ಹೊಸದಾಗಿ ಪ್ರಿಂಟು ಹಾಕಿಸೋಣ ಎಂದು ನೀನು ಓಡಾಡಿದೆ, ನಿರ್ಮಾಪಕ ಫೋನು ಎತ್ತಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ, ನೀನು ತಟ್ಟೆ ಮುಟ್ಟದೆ ಕೂತಿದ್ದಾಗ, ನಾನು ಹೇಳಿದೆ: "ಕದ್ದ ಮಾಲಿಗೆ ಕೊನೆ ಯಾಕೆ ಬೇಕು? ಸುಮ್ಮನೆ ಊಟ ಮಾಡು."

ನೀನು ಇನ್ನೊಂದು ಸಿನಿಮಾ ಮಾಡಲಿಲ್ಲ.

ಅವತ್ತೇ ಹೇಳಬಹುದಿತ್ತು. ಮಾರನೆಯ ದಿನ, ಆ ವರ್ಷ, ನೀನು ಊರು ಬಿಟ್ಟ ದಿನ ಹೇಳಬಹುದಿತ್ತು. ಪ್ರತಿ ವರ್ಷ ಹೇಳದೇ ಇದ್ದದ್ದು ಹಿಂದಿನ ವರ್ಷ ಹೇಳದೇ ಇದ್ದದ್ದಕ್ಕೆ ಸೇರಿಕೊಂಡು ಗೋಡೆಯಾಯಿತು. ತಪ್ಪು ಒಪ್ಪಿಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನಗೇನೂ ಹಗುರವಾಗಿಲ್ಲ. ಭಾನುವಾರದಿಂದ ಕನ್ನಡಿ ನೋಡಿಲ್ಲ, ನಿನ್ನ ಅತ್ತಿಗೆಯೇ ನನ್ನ ತಲೆ ಬಾಚುತ್ತಿದ್ದಾಳೆ. ಅವಳ ಕೈ ಸಡಿಲ, ಮಧ್ಯಾಹ್ನಕ್ಕೇ ಬಿಚ್ಚಿಹೋಗುತ್ತದೆ. ಏನೂ ಅನ್ನುತ್ತಿಲ್ಲ ನಾನು.

ಭಾನುವಾರ ನಾನು ಹೇಳಿ ಮುಗಿಸಿದ ಮೇಲೆ ಟೈರು ವ್ಯಾಪಾರಿ ಟೇಪು ಸುತ್ತಿಕೊಂಡು, ನೆಲ ಅಳೆಯದೆಯೇ ಹೋದ. ಸಂಗ್ರಹಾಲಯದವಳು, "ಒಂದು ಚೂರಾದ್ರೂ ಉಳಿದಿದೆಯಾ ಅಮ್ಮಾ?" ಎಂದಳು. ಇಲ್ಲವೆಂದೆ. ಅವಳಿಗೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಆಪರೇಟರಿಗೆ ನಾನು ಕೈ ಮುಗಿದೆ. ಅವನು ಗಾಬರಿಯಾಗಿ, "ಬಿಡಿ ಅಮ್ಮಾವ್ರೇ, ನಿಮ್ಮ ಉಪ್ಪು ತಿಂದಿದೀನಿ," ಎಂದ. "ಅವಳಿಗೆ ನೀನಾದ್ರೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ಸಿನಿಮಾ ಹೋಗಿತ್ತು. ಅಮ್ಮನೂ ಹೋಗ್ಬಾರ್ದು ಅಂತ," ಎಂದ. ಅಷ್ಟೆಲ್ಲ ಕಾಪಾಡಿಯೂ ನಿನಗೆ ಅಮ್ಮ ಉಳಿಯಲಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ ನಾನು.

ಈಗ ನಾನು ಕೇಳುವುದು ಒಂದೇ. ಇದರ ಜೊತೆಯ ಒಪ್ಪಿಗೆ ಕಾಗದಕ್ಕೆ ಇಪ್ಪತ್ತನೆಯ ತಾರೀಖಿನೊಳಗೆ ಸಹಿ ಹಾಕಿ ಕಳಿಸು. ತಿಂಗಳು ಮುಗಿದರೆ ಟಾಕೀಸು ನಮ್ಮದಲ್ಲ, ಫಿಲ್ಮೂ ಉಳಿಯುವುದಿಲ್ಲ. ಕೊನೆ ಇಲ್ಲದಿದ್ದರೂ ಇಳಿಸಿಕೊಳ್ಳುತ್ತಾರಂತೆ. ಆ ನಾಲ್ಕು ನಿಮಿಷದಲ್ಲಿ ಏನಿತ್ತೆಂದು ನೀನು ಬರೆದುಕೊಟ್ಟರೆ ಖಾಲಿ ಪರದೆಯ ಮೇಲೆ ಅಕ್ಷರದಲ್ಲಿ ಹಾಕುತ್ತಾರಂತೆ. ನನ್ನ ಮೇಲಿನ ಸಿಟ್ಟನ್ನು ಆ ಸಿನಿಮಾದ ಮೇಲೆ ತೀರಿಸಬೇಡ. ಅದು ಏನೂ ತಪ್ಪು ಮಾಡಿಲ್ಲ. ಅದಕ್ಕೆ ಇನ್ನೊಂದು ಅವಕಾಶ ಕೊಡು; ನನಗೆ ಕೊಡು ಎಂದು ಕೇಳುವ ಮುಖ ನನಗಿಲ್ಲ. ಆಪರೇಟರ್ ಮಾಮನಿಗೆ ಎರಡು ಸಾಲು ಬರೆ. ಅವನ ಮಗಳು ಓದಿ ಹೇಳುತ್ತಾಳೆ. ಅವನಿಗೆ ಎರಡು ಸಾಲು ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕತ್ತಲಲ್ಲಿ ಕೂತು ಕೆಲಸ ಮಾಡಬೇಡ. ನನ್ನ ಆಯಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಅದು ನಿನ್ನದಕ್ಕೆ ಸೇರಲಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ನಾಲ್ಕು ನಿಮಿಷದಲ್ಲಿ ಏನಿತ್ತು, ನೀವು ನೋಡಿದ್ದೀರಲ್ಲ, ಹೇಳಿ ಎಂದು ಸಂಗ್ರಹಾಲಯದವಳು ನನ್ನನ್ನೇ ಮೊದಲು ಕೇಳಿದಳು. ಮಗಳೇ ಬರೆಯಲಿ ಎಂದುಬಿಟ್ಟೆ. ನಿಜವೆಂದರೆ ಆ ಮುಖ ಕಂಡದ್ದು ಬಿಟ್ಟರೆ ಮುಂದಿನದನ್ನು ನಾನು ನೋಡಿಯೇ ಇಲ್ಲ. ಆ ತಾಯಿ "ಬಾ, ಕೂತ್ಕೋ" ಎಂದ ತಕ್ಷಣ ಬೆಲ್ ಒತ್ತಿ, ಎದ್ದು ಹಾಲಿನಿಂದ ಹೊರಗೆ ಬಂದಿದ್ದೆ. ನನ್ನ ಬಗ್ಗೆ ನೀನು ಏನು ಹೇಳಿ ಮುಗಿಸಿದ್ದೀಯ ಎಂದು ತಿಳಿಯದೆಯೇ ಸುಟ್ಟೆ. ಪೂರ್ತಿ ನೋಡಿದವನು ಆಪರೇಟರ್ ಒಬ್ಬನೇ. ಭಾನುವಾರ ಅವನು ಹೊರಡುವಾಗ ಗೇಟಿನವರೆಗೂ ಹಿಂದೆ ಹೋಗಿ ಕೇಳಿದೆ. "ಅದನ್ನ ನಾನು ಹೇಳ್ಬಾರ್ದು ಅಮ್ಮಾವ್ರೇ, ಅವಳನ್ನೇ ಕೇಳಿ," ಎಂದ. ಹಾಗೆ ಹೇಳುವಾಗ ಅವನು ಅಳುತ್ತಿದ್ದನೋ, ಆ ಕಣ್ಣಿನಲ್ಲಿ ಯಾವಾಗಲೂ ನೀರು ಇರುತ್ತದೋ, ನನಗೆ ಗೊತ್ತಾಗಲಿಲ್ಲ. ಸಹಿ ಹಾಕದಿದ್ದರೂ ಸರಿ, ಇದೊಂದನ್ನು ಬರೆ. ಆ ಹುಡುಗಿ ಹೋಗಿ ಕೂತಳೇ?